ಪ್ರೀತಿಯ ಅರ್ಥವುಳ್ಳ ಹೆಸರು: ನಾಮಕರಣದ ಬಗ್ಗೆ ಒಂದು ವಿಚಾರ

ಷೋಡಶ ಸಂಸ್ಕಾರಗಳಲ್ಲಿ ನಾಮಕರಣವೂ ಒಂದು. ಜೀವನು ಈ ಜನ್ಮದಲ್ಲಿ ಯಾವ ಶಬ್ದದಿಂದ ಕರೆಯಲ್ಪಡುವನೋ, ಯಾವ ಶಬ್ದದಿಂದ ಗುರುಹಿರಿಯರಿಗೆ ತನ್ನನ್ನು ನಿವೇದಿಸಿಕೊಳ್ಳುವನೋ, ಆ ಶಬ್ದವನ್ನು ತಂದೆತಾಯಿಗಳು ದೇವರ ಸನ್ನಿಧಿಯಲ್ಲಿ ನಿಶ್ಚಯಿಸುವ ಕರ್ಮವಿದು. ಆದುದರಿಂದ ಇದನ್ನು ಕೇವಲ ತೊಟ್ಟಿಲ ಸಂಭ್ರಮವೆಂದು ಭಾವಿಸಲಾಗದು.

ಈ ಲೇಖನಕ್ಕೆ ನಿಮಿತ್ತವಾದುದು ಶಂಶಾಬಾದಿನ ಒಂದು ಮನೆಯಲ್ಲಿ ಎದ್ದ ಪ್ರಶ್ನೆ. 1956ರ ನವೆಂಬರ್ 1ರವರೆಗೆ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದುದರಿಂದ ನಮ್ಮ ಸಮಾಜದವರಿಗೆ ಈ ನಗರವು ಹೊಸದಲ್ಲ. 2008ರ ಮಾರ್ಚ್ ತಿಂಗಳಲ್ಲಿ ಶಂಶಾಬಾದಿನ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ತರುವಾಯ ಆ ಭಾಗದಲ್ಲಿಯೂ ಉದ್ಯೋಗನಿಮಿತ್ತವಾಗಿ ನೆಲೆಸಿದವರಿದ್ದಾರೆ. ಅಂತಹ ಒಂದು ಮನೆಯಲ್ಲಿ, ವಿವಾಹವಾಗಿ ಒಂಬತ್ತು ವರ್ಷಗಳ ಮೇಲೆ, ಗಂಡುಮಗು ಜನಿಸಿತು. ಇಷ್ಟು ಕಾಲ ಹಂಬಲಿಸಿ ಪಡೆದ ಕೂಸಿಗೆ ಪ್ರೀತಿ ಎಂಬ ಅರ್ಥವುಳ್ಳ ಹೆಸರನ್ನೇ ಇಡಬೇಕೆಂಬುದು ತಾಯಿಯ ಆಸೆ. ಆಕೆ ಆರಿಸಿದ್ದು ‘ಪ್ರಣಯ್’ ಎಂಬ ಹೆಸರನ್ನು. ರಾಯಚೂರಿನಲ್ಲಿದ್ದ ಮಗುವಿನ ಅಜ್ಜನವರು, “ದೇವರ ಹೆಸರಲ್ಲದೆ ಬೇರೆ ಹೆಸರಿಟ್ಟ ರೂಢಿ ನಮ್ಮ ಮನೆಯಲ್ಲಿಲ್ಲ. ಪ್ರೇಮ, ಪ್ರಣಯ ಎಂಬುವೆಲ್ಲ ಸಿನಿಮಾದ ಮಾತುಗಳು. ಆ ಹೆಸರಾದರೆ ನಾನು ಬರುವುದಿಲ್ಲ” ಎಂದುಬಿಟ್ಟರು. ಹನ್ನೆರಡನೆಯ ದಿನವು ಸಮೀಪಿಸುತ್ತಿತ್ತು. ಸೊಸೆ ಮಾವಂದಿರ ನಡುವೆ ಮಾತೇ ನಿಂತಿತು. ಮಗನು ಮಠಕ್ಕೆ ಬಂದು, ಯಾರ ಮಾತು ಸರಿಯೆಂದು ಕೇಳಿದನು.

ವಿಚಾರಿಸಿ ನೋಡಿದರೆ ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ.

ಸಿದ್ಧಾಂತದಲ್ಲಿ ಪ್ರೀತಿಯ ಸ್ಥಾನ

ಪ್ರೀತಿಯು ಲೌಕಿಕವಾದ, ಹಗುರವಾದ ವಸ್ತುವೆಂದು ನಮ್ಮ ಸಿದ್ಧಾಂತವು ಎಲ್ಲಿಯೂ ಹೇಳುವುದಿಲ್ಲ. ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದ ಮೊದಲನೆಯ ಅಧ್ಯಾಯದಲ್ಲಿ ಭಕ್ತಿಯ ಲಕ್ಷಣವನ್ನು ಹೇಳುವಾಗ ‘ಸ್ನೇಹ’ ಎಂಬ ಪದವನ್ನೇ ಬಳಸಿದ್ದಾರೆ. ಭಗವಂತನ ಮಾಹಾತ್ಮ್ಯದ ಜ್ಞಾನವನ್ನು ಮುಂದಿಟ್ಟುಕೊಂಡು, ಸುದೃಢವಾಗಿ, ಉಳಿದೆಲ್ಲವುಗಳಿಗಿಂತ ಅಧಿಕವಾಗಿ ಅವನಲ್ಲಿ ಹರಿಯುವ ಸ್ನೇಹವೇ ಭಕ್ತಿಯೆಂದು ಅದರ ಭಾವ. ಮುಕ್ತಿಗೆ ಸಾಧನವಾದುದೂ ಅದೇ ಸ್ನೇಹ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು: ಆ ಸ್ನೇಹವು ಜ್ಞಾನಪೂರ್ವಕವಾಗಿರಬೇಕು; ಅದರ ಪರಮ ವಿಷಯನು ಶ್ರೀಹರಿಯೇ ಆಗಿರಬೇಕು.

ನಿತ್ಯಾನುಷ್ಠಾನದಲ್ಲಿಯೂ ಇದೇ ಮಾತಿದೆ. ಪ್ರತಿಯೊಂದು ಕರ್ಮದ ಸಂಕಲ್ಪದಲ್ಲಿ ನಾವು ‘ಪ್ರೀತ್ಯರ್ಥಂ’ ಎನ್ನುತ್ತೇವೆ. ಪ್ರೀತಿ, ಪ್ರಿಯ, ಪ್ರೇಮ ಈ ಮೂರೂ ‘ಪ್ರೀ’ ಎಂಬ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು. ತೃಪ್ತಿಪಡಿಸುವುದು ಎಂಬುದು ಆ ಧಾತುವಿನ ಅರ್ಥ. ನಾಮಕರಣದ ದಿನ ತಂದೆಯು ಮಗುವಿನ ಹೆಸರನ್ನು ಹೇಳುವುದಕ್ಕೆ ಮೊದಲೇ ಸಂಕಲ್ಪದಲ್ಲಿ ಪ್ರೀತಿ ಎಂಬ ಶಬ್ದವನ್ನು ಉಚ್ಚರಿಸಿರುತ್ತಾನೆ. ಹೀಗಿರುವಾಗ ಆ ಅರ್ಥವುಳ್ಳ ಹೆಸರು ನಮಗೆ ಸಲ್ಲದೆಂದು ಹೇಳುವುದು ಹೇಗೆ?

ಅಜ್ಜನವರ ಪಕ್ಷ

ಆದರೆ ದೇವರ ಹೆಸರೇ ಬೇಕೆಂಬ ಅಜ್ಜನವರ ಮಾತು ಬರಿಯ ಹಟವಲ್ಲ. ಭಾಗವತದ ಆರನೆಯ ಸ್ಕಂಧದ ಅಜಾಮಿಳೋಪಾಖ್ಯಾನವನ್ನು ಎಲ್ಲರೂ ಕೇಳಿರುತ್ತಾರೆ. ಆಚಾರಭ್ರಷ್ಟನಾದ ಅಜಾಮಿಳನಿಗೆ ಹತ್ತು ಮಂದಿ ಮಕ್ಕಳು. ಕಿರಿಯವನ ಹೆಸರು ನಾರಾಯಣ. ತಂದೆಗೆ ಅವನಲ್ಲಿಯೇ ಬಲು ಮೋಹ. ಮರಣಕಾಲದಲ್ಲಿ ಯಮದೂತರನ್ನು ಕಂಡು ಭಯಗೊಂಡ ಅವನು, ದೂರದಲ್ಲಿ ಆಡುತ್ತಿದ್ದ ಮಗನನ್ನು ಆ ಹೆಸರಿನಿಂದ ಕೂಗಿದನು. ವಿಷ್ಣುದೂತರು ಬಂದು ಅವನನ್ನು ಪಾಶದಿಂದ ಬಿಡಿಸಿದರು. ಕಥೆ ಅಲ್ಲಿಗೆ ಮುಗಿಯುವುದಿಲ್ಲವೆಂಬುದನ್ನು ಮರೆಯಬಾರದು. ಬದುಕಿ ಉಳಿದ ಅಜಾಮಿಳನು ಪಶ್ಚಾತ್ತಾಪಪಟ್ಟು, ಗಂಗಾದ್ವಾರಕ್ಕೆ ಹೋಗಿ ಸಾಧನೆಯನ್ನು ನಡೆಸಿದ ಬಳಿಕವೇ ಸದ್ಗತಿಯನ್ನು ಪಡೆದನು. ಹೆಸರು ಬಾಗಿಲನ್ನು ತೆರೆಯಿತು, ನಡೆಯಬೇಕಾದವನು ಅವನೇ. ಪುತ್ರಪ್ರೀತಿಯು ಎಲ್ಲ ತಂದೆತಾಯಿಗಳಿಗೂ ಸಹಜ. ಆ ಪ್ರೀತಿಯ ಕೂಗೇ ಭಗವನ್ನಾಮವಾಗಲಿ ಎಂಬುದು ಹಿರಿಯರ ದೂರದೃಷ್ಟಿ.

ಶ್ರೀಮದಾಚಾರ್ಯರ ಚರಿತ್ರೆಯೇ ಇದಕ್ಕೆ ಇನ್ನೊಂದು ನಿದರ್ಶನ. ಮಧ್ಯಗೇಹಭಟ್ಟ ದಂಪತಿಗಳು ಪುತ್ರಸಂತಾನಕ್ಕಾಗಿ ಉಡುಪಿಯ ಅನಂತಾಸನ ದೇವರನ್ನು ಹನ್ನೆರಡು ವರ್ಷ ಸೇವಿಸಿದರೆಂದು ಸುಮಧ್ವವಿಜಯವು ವರ್ಣಿಸುತ್ತದೆ. ಅಷ್ಟು ಹಂಬಲಿಸಿ ಪಡೆದ ಮಗುವಿಗೆ ಪಾಜಕದ ಆ ಮನೆಯಲ್ಲಿ ಇಟ್ಟ ಹೆಸರು ವಾಸುದೇವ. ಪೂರ್ಣಪ್ರಜ್ಞ, ಆನಂದತೀರ್ಥ ಎಂಬ ಹೆಸರುಗಳು ಅನಂತರ ಬಂದವು. ತಂದೆತಾಯಿಗಳ ಹಂಬಲವೆಲ್ಲವೂ ಆ ನಾಲ್ಕು ಅಕ್ಷರಗಳಲ್ಲಿ ಸೇರಿಹೋಯಿತು.

ಶಬ್ದಗಳ ಅರ್ಥಭೇದ

ಇನ್ನು ಹೆಸರನ್ನು ಆರಿಸುವ ಬಗೆ. ಈಗ ಮೊಬೈಲಿನಲ್ಲಿ ಕೈಯಿಂದ ಕೈಗೆ ಬರುವ ಹೆಸರುಗಳ ಪಟ್ಟಿಗಳಲ್ಲಿ ಅರ್ಥವನ್ನು ತಪ್ಪಾಗಿ ಕೊಟ್ಟಿರುವುದುಂಟು. ಪ್ರಣವ ಎಂದರೆ ಓಂಕಾರ. ಪ್ರಣಯ ಎಂದರೆ ಅನುರಾಗ, ಕನ್ನಡದ ಬಳಕೆಯಲ್ಲಿ ವಿಶೇಷವಾಗಿ ಸ್ತ್ರೀಪುರುಷರದು. ಶ್ರೀವತ್ಸ ಎಂಬುದು ಭಗವಂತನ ವಕ್ಷಸ್ಥಲದ ಚಿಹ್ನೆಯೇ ಹೊರತು ಪ್ರೀತಿವಾಚಕವಲ್ಲ. ವತ್ಸಲ ಎಂಬುದಾದರೋ ಪ್ರೀತಿವಾಚಕವೇ. ವತ್ಸವೆಂದರೆ ಕರು, ಕರುವಿನಲ್ಲಿ ಹಸುವಿಗಿರುವ ಅಕ್ಕರೆಯಂತಹುದು ವಾತ್ಸಲ್ಯ.

ವಿಷ್ಣುಸಹಸ್ರನಾಮದಲ್ಲಿಯೇ ಪ್ರೀತಿಯ ಅರ್ಥವುಳ್ಳ ನಾಮಗಳು ಹಲವಿವೆ: ವತ್ಸಲ, ಭಕ್ತವತ್ಸಲ, ಸುಹೃತ್, ಲೋಕಬಂಧು, ಕಾಂತ, ಪ್ರಿಯಕೃತ್, ಪ್ರೀತಿವರ್ಧನ. ಸಹಸ್ರನಾಮದ ಒಂದೊಂದು ನಾಮಕ್ಕೂ ನೂರು ಅರ್ಥಗಳುಂಟೆಂದು ಹೇಳಿ, ಶ್ರೀಮದಾಚಾರ್ಯರು ವಿಶ್ವ ಎಂಬ ಶಬ್ದವನ್ನು ವಿವರಿಸಿದ ಪ್ರಸಂಗವು ಸುಮಧ್ವವಿಜಯದಲ್ಲಿ ಪ್ರಸಿದ್ಧವಾಗಿದೆ. ಲಕ್ಷ್ಮೀಪತಿ ಎಂಬ ಅರ್ಥದ ಮಾಧವ, ರಮೆಗೆ ಪ್ರಿಯನಾದವನು ಎಂಬ ಅರ್ಥದ ರಮಾಕಾಂತ ಇವೂ ಇದೇ ಸಾಲಿಗೆ ಸೇರುತ್ತವೆ. ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಸ್ವಾಯಂಭುವ ಮನುವಿನ ಪುತ್ರ ಪ್ರಿಯವ್ರತನ ಹೆಸರೂ ಯೋಗ್ಯವಾದುದೇ.

ನಾಲ್ಕು ಹೆಸರುಗಳು

ನಾಮಕರಣದಲ್ಲಿ ಮಗುವಿಗೆ ಇಡುವುದು ಒಂದೇ ಹೆಸರಲ್ಲವೆಂಬುದನ್ನು ಅನೇಕರು ಮರೆತಿದ್ದಾರೆ. ಕುಲದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ಹೆಸರುಗಳು ನಾಲ್ಕು. ಮಾರ್ಗಶಿರದಲ್ಲಿ ಕೇಶವ, ಪುಷ್ಯದಲ್ಲಿ ನಾರಾಯಣ, ಮಾಘದಲ್ಲಿ ಮಾಧವ ಎಂಬ ಕ್ರಮದಿಂದ ಕಾರ್ತಿಕದಲ್ಲಿ ದಾಮೋದರನವರೆಗೆ ಹನ್ನೆರಡು ಭಗವದ್ರೂಪಗಳು ಮಾಸನಿಯಾಮಕವಾಗಿವೆ. ಆದುದರಿಂದ ಭಗವನ್ನಾಮದ ಸಂಬಂಧವು ಪ್ರತಿಯೊಂದು ಮಗುವಿಗೂ ಮೊದಲೇ ಇದ್ದೇ ಇರುತ್ತದೆ. ತಂದೆತಾಯಿಗಳ ಆಯ್ಕೆಗೆ ಉಳಿಯುವುದು ವ್ಯವಹಾರನಾಮ. ಅದೂ ಭಗವತ್ಪರವಾಗಿದ್ದರೆ ಶ್ರೇಯಸ್ಕರ.

ಆಶ್ವಲಾಯನ ಗೃಹ್ಯಸೂತ್ರವು ಗಂಡುಮಗುವಿನ ಹೆಸರು ಘೋಷಾಕ್ಷರದಿಂದ ಆರಂಭವಾಗಿ ಸಮಸಂಖ್ಯೆಯ ಅಕ್ಷರಗಳಿಂದ ಕೂಡಿರಬೇಕೆಂದು ಹೇಳುತ್ತದೆ. ಪ್ರತಿಷ್ಠೆಯನ್ನು ಬಯಸುವವರಿಗೆ ಎರಡಕ್ಷರ, ಬ್ರಹ್ಮವರ್ಚಸ್ಸನ್ನು ಬಯಸುವವರಿಗೆ ನಾಲ್ಕಕ್ಷರ. ರಮಾಕಾಂತ, ಲೋಕಬಂಧು ಎಂಬ ಹೆಸರುಗಳಲ್ಲಿ ಈ ಎರಡು ಲಕ್ಷಣಗಳೂ ಇವೆ. ಕೇಶವ ಎಂಬ ಮಾಸನಾಮವಾದರೋ ಮೂರಕ್ಷರದ್ದು, ಘೋಷದಿಂದ ಆರಂಭವಾದುದೂ ಅಲ್ಲ. ಆದರೂ ಆ ಹೆಸರನ್ನು ಹಿರಿಯರು ಆದರದಿಂದ ಇಡುತ್ತ ಬಂದಿದ್ದಾರೆ. ಭಗವನ್ನಾಮದಲ್ಲಿ ಅಕ್ಷರದ ಎಣಿಕೆಗಿಂತ ಅರ್ಥವೇ ಪ್ರಧಾನವೆಂದು ಇದರಿಂದ ತಿಳಿಯಬೇಕು.

ಪರಸ್ಥಳದಲ್ಲಿರುವವರಿಗೆ ಕೆಲವು ಸೂಚನೆಗಳು

ಒಂದು, ಆರಿಸಿದ ಹೆಸರಿನ ಮುಂದೆ ‘ಶರ್ಮಾ’ ಎಂಬುದನ್ನು ಸೇರಿಸಿ ಒಮ್ಮೆ ಉಚ್ಚರಿಸಿರಿ. ಉಪನಯನವಾದ ಮೇಲೆ ವಟುವು ಗೋತ್ರಪ್ರವರಗಳೊಡನೆ ಅಭಿವಾದನದಲ್ಲಿ ಹೇಳಬೇಕಾದುದು ಇದನ್ನೇ. ಆಗ ಸಂಕೋಚವಾಗುವ ಹೆಸರು ಬೇಡ.

ಎರಡು, ನಮ್ಮ ಮಕ್ಕಳ ಹೆಸರು ಇಲ್ಲಿ ಕನ್ನಡ, ತೆಲುಗು, ಹಿಂದಿ ಮೂರು ಬಾಯಿಗಳಲ್ಲಿ ಸುಳಿಯುತ್ತದೆ. ಹಿಂದಿಯಲ್ಲಿ ಕೊನೆಯ ಅಕಾರವು ಬಿದ್ದು ಅನುರಾಗನು ಅನುರಾಗ್ ಆಗುತ್ತಾನೆ. ವತ್ಸಲ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹೆಣ್ಣುಮಕ್ಕಳ ವತ್ಸಲಾ ಎಂಬ ಹೆಸರಿಗೂ ಅದಕ್ಕೂ ಭೇದವೇ ಉಳಿಯದು. ಭಕ್ತವತ್ಸಲ ಎಂದರೆ ಈ ತೊಡಕಿಲ್ಲ.

ಮೂರು, ಆಸ್ಪತ್ರೆಯಲ್ಲಿಯೇ ಅವಸರದಿಂದ ಹೆಸರನ್ನು ಬರೆಯಿಸಬೇಕಾಗಿಲ್ಲ. ಜನನವನ್ನು 21 ದಿನಗಳೊಳಗೆ ತಿಳಿಸಬೇಕೆಂಬುದು ನಿಯಮ. ಹೆಸರಿಲ್ಲದೆ ನೋಂದಣಿಯಾಗಿದ್ದರೂ 12 ತಿಂಗಳೊಳಗೆ ಶುಲ್ಕವಿಲ್ಲದೆ ಅದನ್ನು ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಜನಿಸಿದವರಿಗೆ ಶಾಲಾಪ್ರವೇಶವೇ ಮೊದಲಾದ ಕಾರ್ಯಗಳಲ್ಲಿ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆಯಾಗಿರುವುದರಿಂದ, ಅಕ್ಷರಗಳನ್ನು ಸರಿಯಾಗಿ ನೋಡಿಯೇ ಬರೆಯಿಸಬೇಕು.

ನಾಲ್ಕು, ಇಟ್ಟ ಹೆಸರಿನಿಂದಲೇ ಕರೆಯಿರಿ. ಭಗವಂತನ ಹೆಸರನ್ನಿಟ್ಟು ದಿನವೆಲ್ಲ ಚಿಂಟು, ಬಂಟಿ ಎಂದು ಕೂಗಿದರೆ ಅಜಾಮಿಳನಿಗೆ ದೊರೆತ ಲಾಭವೂ ನಮಗಿಲ್ಲ.

ಮಠದಲ್ಲಿ ಇಷ್ಟನ್ನೂ ಕೇಳಿಕೊಂಡ ಆ ತಂದೆಯು ಸಹಸ್ರನಾಮದ ಪುಸ್ತಕವನ್ನು ಮನೆಗೆ ಒಯ್ದನು. ತಾಯಿಯು ಅದನ್ನು ಓದಿ ತಾನೇ ‘ಪ್ರೀತಿವರ್ಧನ’ ಎಂಬ ನಾಮವನ್ನು ಆರಿಸಿ, ಮಾವನವರಿಗೆ ದೂರವಾಣಿಯಲ್ಲಿ ತಿಳಿಸಿದಳು. ಭಕ್ತರಲ್ಲಿ ಪ್ರೀತಿಯನ್ನು ಬೆಳೆಸುವವನು ಎಂದು ಅದರ ಅರ್ಥ. ಅಜ್ಜನವರು ಹಿಂದಿನ ದಿನವೇ ಬಂದಿಳಿದರು. ಹರಿವಾಣದ ಅಕ್ಕಿಯಲ್ಲಿ ತಂದೆಯು ಚಿನ್ನದ ಉಂಗುರದಿಂದ ಹೆಸರನ್ನು ಬರೆಯುವಾಗ, ಮಗುವು ಅಜ್ಜನವರ ತೊಡೆಯ ಮೇಲಿತ್ತು.

ಹೆಸರಿನಲ್ಲಿರುವ ಪ್ರೀತಿಯು ಆ ಮನೆಯಲ್ಲಿ ಮೊದಲು ಬೆಳೆಯಿತು. ಮಗುವಿನಲ್ಲಿ ಅದು ಜ್ಞಾನದೊಡನೆ ಬೆಳೆದು ಶ್ರೀಹರಿಯನ್ನು ಮುಟ್ಟುವಂತೆ ಮಾಡುವುದು ತಂದೆತಾಯಿಗಳ ಮುಂದಿನ ಕರ್ತವ್ಯ. ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ಇದರಿಂದ ಪ್ರೀತನಾಗಲಿ.

ಶ್ರೀಕೃಷ್ಣಾರ್ಪಣಮಸ್ತು