ಗುಂಡಿ ತೋಡುವ ಮುನ್ನ ಸಗಣಿ ತೂಗಿ

ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದಿನದು. ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ. ಆ ಹಡಗುಗಳು ಹಾದುಬರುವ ಹೊರ್ಮುಜ್ ಜಲಸಂಧಿಯಲ್ಲಿ ಗಲಾಟೆಯಾದರೆ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೂ ಅದರ ಬಿಸಿ ತಟ್ಟುತ್ತದೆ. ಪಕ್ಕದ ಶಿವನಸಮುದ್ರ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಸುತ್ತಲಿನ ಊರುಗಳ ಒಲೆ ಮಾತ್ರ ಇವತ್ತಿಗೂ ಹಡಗಿನ ದಾರಿ ಕಾಯುತ್ತಿದೆ. ಪೆಟ್ರೋಲಿಗೆ ಬದಲಿ ಹುಡುಕುವುದು ಸರ್ಕಾರದ ಪಾಡು. ಸಿಲಿಂಡರಿಗೆ ಬದಲಿ ಮಾತ್ರ ಹಸು ಕಟ್ಟಿ ಡೇರಿಗೆ ಹಾಲು ಹಾಕುವವರ ಕೊಟ್ಟಿಗೆಯಲ್ಲೇ ಇದೆ: ಗೋಬರ್ ಗ್ಯಾಸ್.

‘ಅದೆಲ್ಲ ನೋಡಿಯಾಯ್ತು ಬಿಡಿ, ಕಟ್ಟಿಸಿದವರದ್ದೆಲ್ಲ ಮುಚ್ಚಿಹೋಯ್ತು’ ಎನ್ನುವವರೂ ಇದ್ದಾರೆ. ಮುಚ್ಚಿಹೋಗಲು ಒಂದು ಮುಖ್ಯ ಕಾರಣ: ಸಿಗುವ ಸಗಣಿಗಿಂತ ದೊಡ್ಡ ಘಟಕ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ, ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ, ಇಡೀ ಊರಿನ ಅಡುಗೆಗೆಂದು ಸಮುದಾಯ ಘಟಕ ಕಟ್ಟಿತ್ತು. ಎಲ್ಲ ಮನೆಗಳಿಗೂ ಸಾಲುವಷ್ಟು ಗ್ಯಾಸ್ ಬರಲಿಲ್ಲ. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಊರಿಗೆ ದೀಪ, ಕೊಳವೆಬಾವಿ ನೀರು ಕೊಟ್ಟರು. ಸಗಣಿ ಹಾಕಿದವರಿಗೆ, ಗ್ಯಾಸ್ ತೆಗೆದ ಮೇಲೆ ಉಳಿಯುವ ಬಗ್ಗಡ ವಾಪಸ್ ಹೋಯಿತು. ವಿಜ್ಞಾನಿಗಳಿಗೇ ಸಗಣಿಯ ಲೆಕ್ಕ ಕೈಕೊಟ್ಟಿತು ಎಂದರೆ ನಾವು ಇನ್ನಷ್ಟು ಹುಷಾರಾಗಿರಬೇಕು.

ಆದ್ದರಿಂದ ಮೊದಲ ಕೆಲಸ ತಕ್ಕಡಿಯದು. ಒಂದು ವಾರ ದಿನಾ ಬೆಳಿಗ್ಗೆ ಕೊಟ್ಟಿಗೆಯ ಸಗಣಿ ತೂಗಿ ಬರೆದಿಡಿ. ರಾಸುಗಳ ತಲೆ ಎಣಿಸಿದರೆ ಸಾಲದು: ಕಟ್ಟಿ ಮೇಯಿಸುವ ಮಿಶ್ರತಳಿ ಹಸು ಸುಮಾರು 15 ಕಿಲೊ ಕೊಟ್ಟರೆ, ಹೊರಗೆ ಮೇಯ್ದು ಬರುವ ನಾಟಿ ಹಸುವಿನ ಸಗಣಿ ಅರ್ಧ ಬಯಲಲ್ಲೇ ಬಿದ್ದಿರುತ್ತದೆ. ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ 25 ಕಿಲೊ ಬೇಕು. ನಾಲ್ಕೈದು ಜನರ ಮನೆಗೆ 2 ಘನ ಮೀಟರ್ ಘಟಕ, ಅಂದರೆ 50 ಕಿಲೊ. ಅಷ್ಟು ಸಿಗದಿದ್ದರೆ ಚಿಕ್ಕದನ್ನೇ ಕಟ್ಟಿಸಿ. ಸಹಾಯಧನ ಹೆಚ್ಚು ಬರುತ್ತದೆಂದು ದೊಡ್ಡದಕ್ಕೆ ಆಸೆಪಡಬೇಡಿ.

ಸಹಾಯಧನದ ನಿಯಮ ಕಾಲಕಾಲಕ್ಕೆ ಬದಲಾಗುತ್ತದೆ. ತಾಲ್ಲೂಕು ಪಂಚಾಯ್ತಿಯಲ್ಲಿ ವಿಚಾರಿಸಿ, ಮಂಜೂರಾತಿ ಕೈಗೆ ಬಂದ ಮೇಲೆಯೇ ಗುದ್ದಲಿ ಎತ್ತಿ.

ಜಾಗ ಕೊಟ್ಟಿಗೆಗೂ ಅಡುಗೆಮನೆಗೂ ಹತ್ತಿರವಿರಲಿ, ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ. ಬಿಸಿಲು ಬೀಳಬೇಕು, ದೊಡ್ಡ ಮರದ ಬೇರು ಬರಬಾರದು. ನಾಲೆ ಬಯಲಿನವರು ಇನ್ನೊಂದು ಗಮನಿಸಬೇಕು. ಗದ್ದೆ ಪಕ್ಕದ ನೆಲದಲ್ಲಿ ಬಸಿನೀರು ಮೇಲೇಳುತ್ತದೆ, ಘಟಕದ ಗುಮ್ಮಟ ಬಿರುಕು ಬಿಡುತ್ತದೆ. ಎತ್ತರದ ಜಾಗ ಆರಿಸಿ, ಬೇಸಿಗೆಯಲ್ಲಿ ಕೆಲಸ ಮುಗಿಸಿ. ಇಟ್ಟಿಗೆಯ ‘ದೀನಬಂಧು’ ಮಾದರಿ ನೆಲದೊಳಗೇ ಇರುವುದರಿಂದ ತುಕ್ಕಿನ ಕಾಟವಿಲ್ಲ. ಆದರೆ ಮನೆ ಕಟ್ಟುವ ಗಾರೆಯವರೆಲ್ಲರಿಗೂ ಅದು ಬರುವುದಿಲ್ಲ. ಮೊದಲೇ ಕಟ್ಟಿ, ಈಗಲೂ ಉರಿಯುತ್ತಿರುವ ಘಟಕ ತೋರಿಸಿದವರಿಗೆ ಮಾತ್ರ ಕೆಲಸ ಕೊಡಿ.

2 ಘನ ಮೀಟರ್ ಘಟಕವನ್ನು ಮೊದಲ ಸಲ ತುಂಬಲು ಸುಮಾರು ಎರಡು ಟನ್ ಸಗಣಿ ಬೇಕು. ಕಟ್ಟಡ ನಡೆಯುವಾಗಲೇ ಕೂಡಿಡಿ. ಅಷ್ಟೇ ನೀರು ಸೇರಿಸಿ, ನಡೆಯುತ್ತಿರುವ ಘಟಕದ ಬಗ್ಗಡ ಒಂದಿಷ್ಟು ತಂದು ಬೆರೆಸಿದರೆ ಬೇಗ ಹುಳಿಯುತ್ತದೆ. ಎರಡು ಮೂರು ವಾರಕ್ಕೆ ಬರುವ ಮೊದಲ ಗ್ಯಾಸ್ ಸರಿಯಾಗಿ ಉರಿಯದು. ಬೆಂಕಿಯಿಲ್ಲದ ಕಡೆ, ಹೊರಗೆ ಬಿಟ್ಟುಬಿಡಿ. ಸಿಲಿಂಡರ್ ಒಲೆ ಇದಕ್ಕೆ ಹೊಂದುವುದಿಲ್ಲ, ಬಯೋಗ್ಯಾಸ್ ಒಲೆಯನ್ನೇ ಕೊಳ್ಳಿ.

ಆಮೇಲೆ ದಿನಾ ಸಗಣಿ, ನೀರು ಸಮಸಮ. ಹುಲ್ಲು, ಮರಳು, ಫಿನಾಯಿಲ್, ಸೋಪಿನ ನೀರು ಒಳಗೆ ಹೋಗಬಾರದು. ಉರಿ ಪಟಪಟ ಎಂದರೆ ಪೈಪಿನಲ್ಲಿ ನೀರು ನಿಂತಿದೆ, ಬಸಿದುಬಿಡಿ. ಏನೇ ಕಟ್ಟಿಕೊಂಡರೂ ಗುಂಡಿಯೊಳಗೆ ಯಾರೂ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಜೀವ ಹೋಗುತ್ತದೆ.

ನನ್ನ ಲೆಕ್ಕದಲ್ಲಿ ಗ್ಯಾಸಿನಷ್ಟೇ ಲಾಭ ಬಗ್ಗಡದ್ದು. ಯೂರಿಯಾ ತಯಾರಿಗೆ ಬೇಕಾದ ನೈಸರ್ಗಿಕ ಅನಿಲವೂ ಬಹಳಷ್ಟು ಆಮದಿನದೇ. ಬಗ್ಗಡವನ್ನು ಬಿಸಿಲಿಗೆ ಒಣಹಾಕಿದರೆ ಸಾರಜನಕ ಹಾರಿಹೋಗುತ್ತದೆ. ಸುಡುವ ಬದಲು ಕಬ್ಬಿನ ತರಗನ್ನು ನೆರಳಿನ ಗುಂಡಿಗೆ ಹಾಕಿ, ಅದರ ಮೇಲೆ ಬಗ್ಗಡ ಸುರಿದು ಕೊಳೆಯಲು ಬಿಡಿ. ಹಿಪ್ಪುನೇರಳೆಗೂ ಭತ್ತಕ್ಕೂ ಒಳ್ಳೆಯ ಗೊಬ್ಬರ.

ಸಿಲಿಂಡರ್ ಸಂಪರ್ಕ ಮಾತ್ರ ವಾಪಸ್ ಮಾಡಬೇಡಿ. ಚಳಿಗಾಲದಲ್ಲಿ ಗ್ಯಾಸ್ ಇಳಿಯುತ್ತದೆ, ಹಬ್ಬಕ್ಕೆ ನೆಂಟರು ಬರುತ್ತಾರೆ. ಒಂದು ತುಂಬಿದ ಸಿಲಿಂಡರ್ ಮನೆಯಲ್ಲಿರಲಿ.