ಹಳೆಯ ಸೈನ್ಯದ ಲಾರಿಗಳ ದುರಸ್ತಿ ಮತ್ತು ಮಾರ್ಪಾಟು

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದ ಬಳಿಕ ಸೈನ್ಯಕ್ಕೆ ಬೇಡವಾದ ಅನೇಕ ಲಾರಿಗಳು ಮಾರಾಟವಾಗಿ ಸರಕು ಸಾಗಣೆಯ ಕೆಲಸಕ್ಕೆ ಬಂದವು. 1959ರಿಂದ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿಗಳೂ ಸೈನ್ಯದ ಸೇವೆ ತೀರಿದ ಮೇಲೆ ಹರಾಜಿನಲ್ಲಿ ಜನರ ಕೈಸೇರಿದವು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗಗಳ ರೈತಬಾಂಧವರು ಹತ್ತಿ, ಶೇಂಗಾ, ಜೋಳಗಳನ್ನು ಪೇಟೆಗೆ ಸಾಗಿಸಲು ಇಂಥ ಲಾರಿಯನ್ನು ಕೊಳ್ಳುವುದಾದರೆ ಈ ಕೆಳಗಿನ ಸಂಗತಿಗಳನ್ನು ಲಕ್ಷ್ಯದಲ್ಲಿಡತಕ್ಕದ್ದು.

1. ಕೊಳ್ಳುವ ಮುನ್ನ: ಬಣ್ಣವನ್ನು ನೋಡಿ ಮರುಳಾಗಬಾರದು. ಲಾರಿಯ ಬಲವೆಲ್ಲ ಅದರ ಚಾಸಿಯಲ್ಲಿರುತ್ತದೆ. ಸಂಶಯವಿರುವ ಜಾಗವನ್ನು ಉಜ್ಜಿ ಚಿಮಣಿ ಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿರಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಗೆರೆ ಕಾಣುವುದು. ಇಂಜಿನಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆಯೆಂದು ತಿಳಿಯಬೇಕು. ಶಕ್ತಿಮಾನ್ ಲಾರಿಯ ತಯಾರಿಕೆ ನಿಂತುಹೋಗಿರುವುದರಿಂದ ಬಿಡಿಭಾಗಗಳು ದೊರೆಯುವವೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

2. ಗಾಲಿಗಳು: ಯುದ್ಧಕಾಲದ ಹಲವು ಲಾರಿಗಳ ಗಾಲಿಯ ಬಳೆಯು ಎರಡು ಹೋಳುಗಳನ್ನು ಬೋಲ್ಟುಗಳಿಂದ ಕೂಡಿಸಿದ್ದಾಗಿರುತ್ತದೆ. ಟಾಯರಿನಲ್ಲಿ ಗಾಳಿಯಿರುವಾಗ ಈ ಕೂಡಿಸುವ ನಟ್ಟುಗಳನ್ನು ಬಿಚ್ಚಿದರೆ ಹೋಳು ಸಿಡಿದು ಪ್ರಾಣಹಾನಿಯಾಗುವುದು. ಮೊದಲು ವಾಲ್ವಿನ ಸೂಜಿಯನ್ನೇ ತೆಗೆದು ಗಾಳಿಯನ್ನು ಪೂರ್ಣವಾಗಿ ಬಿಡಬೇಕು. ಅಚ್ಚಿಗೆ ಗಾಲಿಯನ್ನು ಬಿಗಿಯುವ ನಟ್ಟುಗಳು ಬೇರೆ, ಹೋಳುಗಳನ್ನು ಕೂಡಿಸುವ ನಟ್ಟುಗಳು ಬೇರೆ. ಈ ಭೇದವನ್ನು ಕೆಲಸದಾಳಿಗೆ ತೋರಿಸಿಕೊಡದೆ ಪಾನಾ ಕೊಡಬಾರದು.

3. ಬ್ರೇಕು: ಬಹುಕಾಲ ನಿಂತ ಲಾರಿಯಲ್ಲಿ ಬ್ರೇಕಿನ ರಬ್ಬರುಗಳು ಬಿರುಸಾಗುತ್ತವೆ, ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಇವೆರಡನ್ನೂ ಎಲ್ಲ ಗಾಲಿಗಳಲ್ಲಿ ಹೊಸದಾಗಿ ಹಾಕಿಸಿದ ನಂತರವೇ ಭಾರ ಹೇರತಕ್ಕದ್ದು.

4. ನಾಲ್ಕು ಗಾಲಿಗಳ ಎಳೆತ: ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಒಂದೇ ವೇಗದ ಎಳೆತ ಕೊಡುವ ಲಾರಿಯಲ್ಲಿ ಗಟ್ಟಿ ರಸ್ತೆಯ ಮೇಲೆ ಈ ಎಳೆತವನ್ನು ಜೋಡಿಸಿದರೆ ಗೇರುಗಳು ಸೆಟೆದು ಮುರಿಯುವ ಸಂಭವವಿದೆ; ಟಾಯರುಗಳೂ ಬೇಗ ಸವೆಯುವವು. ಸಡಿಲು ನೆಲದಲ್ಲಿ ಮಾತ್ರ ಇದನ್ನು ಬಳಸಬೇಕು.

5. ಮೇಲಣ ಕಟ್ಟು: ಹತ್ತಿಯು ಹಗುರವಾದುದರಿಂದ ಕಟ್ಟನ್ನು ಎತ್ತರಿಸುವ ಆಸೆಯಾಗುವುದು ಸಹಜ. ಆದರೆ ಅದೇ ಕಟ್ಟಿನಲ್ಲಿ ನಾಳೆ ಕಲ್ಲೋ ಶೇಂಗಾ ಚೀಲವೋ ತುಂಬಿದರೆ ಅಚ್ಚು ತಾಳದು. ಪಟ್ಟಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಅಚ್ಚಿನ ಶಕ್ತಿಯಾಗಲಿ ಬ್ರೇಕಿನ ಶಕ್ತಿಯಾಗಲಿ ಹೆಚ್ಚುವುದಿಲ್ಲ. ಚಾಸಿಯ ಅಂಚಿಗೆ ತೂತು ಕೊರೆಯದೆ, ನಡುವೆ ಮರದ ತೊಲೆಯಿಟ್ಟು ಯು-ಬೋಲ್ಟುಗಳಿಂದ ಕಟ್ಟನ್ನು ಬಿಗಿಸಬೇಕು. ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾದ ಮಾರ್ಪಾಟನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಆದುದರಿಂದ ಹರಾಜಿನ ಮಾರಾಟಪತ್ರವನ್ನು ಜೋಪಾನವಾಗಿಟ್ಟು, ಕೆಲಸಕ್ಕೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

6. ಎರೆಹೊಲ: ಮಸಾರಿ ನೆಲವು ಮಳೆ ನಿಂತ ಮೇಲೆ ಬೇಗನೆ ಆರುತ್ತದೆ, ಎರೆಯು ನೀರು ಹಿಡಿದು ಉಬ್ಬಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಹಸಿ ಎರೆಯಲ್ಲಿ ಲಾರಿಯನ್ನು ಇಳಿಸಿದರೆ ಹೊಲದ ಒಳಮಣ್ಣು ಒತ್ತಿ ಬಿಗಿಯುವುದು. ಮುಂದಿನ ಬೆಳೆಯ ಬೇರು ಇಳಿಯುವುದು ಕಷ್ಟ. ಈ ನಷ್ಟವು ಕಣ್ಣಿಗೆ ಕಾಣದು, ಆದರೆ ಸುಗ್ಗಿಯಲ್ಲಿ ತಿಳಿಯುವುದು. ಹೊಲದಿಂದ ರಸ್ತೆಯವರೆಗೆ ಚಕ್ಕಡಿ, ರಸ್ತೆಯಿಂದ ಪೇಟೆಯವರೆಗೆ ಲಾರಿ, ಇದೇ ಸರಿಯಾದ ಕ್ರಮ.

ಊರ ಹಿರಿಯರು ಜಾತ್ರೆಗಳ ಕಾಲದಲ್ಲಿ ಸರಕಿನ ಲಾರಿಯ ಮೇಲೆ ಜನರನ್ನು ಹೇರದಂತೆ ನೋಡಿಕೊಳ್ಳಬೇಕು. ಸೈನ್ಯದ ಲಾರಿಯು ಗಟ್ಟಿಯೆಂಬುದು ನಿಜ. ಆದರೆ ಆ ಗಟ್ಟಿತನಕ್ಕೂ ಮಿತಿಯುಂಟು. ಆ ಮಿತಿಯನ್ನು ಅರಿತು ನಡೆಸುವವನಿಗೆ ಮಾತ್ರ ಅದು ಲಾಭವನ್ನು ತರುವುದು.