ಹೊಳೆಗಿಳಿಯುವ ಮುನ್ನ ತೋಟದವರನ್ನು ಕೇಳಿ

ಘರಣಿ, ಮಾಂಜ್ರಾ ನದಿಗಳ ನೀರಲ್ಲಿ ಈಜು ಕಲಿತ ಶಿರೂರ ಅನಂತಪಾಳದ ಕಡೆಯ ಹುಡುಗರೇ, ಮಳೆಗಾಲದಲ್ಲಿ ಕೊಡಗಿನ ಬರಪೊಳೆಗೆ ಕಯಾಕ್ ಇಳಿಸುವ ಆಸೆಯಿದ್ದರೆ ಒಂದು ಮಾತು ಕೇಳಿ. ಬಯಲುಸೀಮೆಯ ಹೊಳೆಯ ಲೆಕ್ಕ ಅಲ್ಲಿ ನಡೆಯದು. ಬ್ರಹ್ಮಗಿರಿ ಬೆಟ್ಟದಲ್ಲಿ ಮಳೆ ಸುರಿದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ.

ನೊರೆಗಿಂತ ಹೆಚ್ಚು ಹೆದರಬೇಕಾದ್ದು ಬಂಡೆಗಳ ನಡುವೆ ಬಿದ್ದ ಮರಕ್ಕೆ. ನೀರು ಕೊಂಬೆಗಳ ಸಂದಿಯಲ್ಲಿ ನುಸುಳಿ ಹೋಗುತ್ತದೆ, ಮನುಷ್ಯ ಮಾತ್ರ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ತಿರುವಿನಾಚೆ ಕಾಣದಿದ್ದರೆ ದಡ ಹತ್ತಿ ನಡೆದು ನೋಡಿ. ಅನುಮಾನ ಬಂತೋ, ಕಯಾಕ್ ಹೆಗಲಿಗೇರಿಸಿ ದಡದಲ್ಲೇ ದಾಟಿ. ಮಗುಚಿ ಬಿದ್ದರೆ ಹರಿವಲ್ಲಿ ಎದ್ದು ನಿಲ್ಲಬೇಡಿ, ಕಾಲು ಬಂಡೆಸಂದಿಗೆ ಸಿಕ್ಕೀತು. ಅಂಗಾತ ಮಲಗಿ, ಪಾದ ಮುಂದೆ ಮಾಡಿ ತೇಲಿ. ಹೆಲ್ಮೆಟ್, ಲೈಫ್ ಜಾಕೆಟ್, ದಡದಲ್ಲಿ ಹಗ್ಗ ಹಿಡಿದು ನಿಂತ ಗೆಳೆಯ ಇಲ್ಲದೆ ಇಳಿಯಲೇಬೇಡಿ.

ಹೊಳೆಗೆ ಹಲವೆಡೆ ದಾರಿಯಿರುವುದು ಕಾಫಿ ತೋಟದೊಳಗಿಂದ. ಮಾಲೀಕರನ್ನೋ ತೋಟದ ಲೆಕ್ಕ ನೋಡುವ ರೈಟರನ್ನೋ ಮೊದಲೇ ಕೇಳಿ. ತೆರೆದ ಗೇಟು ಮತ್ತೆ ಹಾಕಿ, ತೋಟದ ದಾರಿಗೆ ಜೀಪು ಅಡ್ಡ ನಿಲ್ಲಿಸಬೇಡಿ. ನಮ್ಮ ಹೊಲದ ಬದು ಯಾರೋ ತುಳಿದರೆ ನಮಗಾಗುವ ಸಂಕಟವೇ ಅವರಿಗೂ. ಒಬ್ಬರು ಎಸೆದ ಬಾಟಲಿಯಿಂದ ಮುಂದೆ ಬರುವವರಿಗೆಲ್ಲ ಆ ಗೇಟು ಮುಚ್ಚಬಹುದು. ದಯವಿಟ್ಟು ಕಸ ನಿಮ್ಮ ಚೀಲದಲ್ಲೇ ತನ್ನಿ, ಹೊರಡುವಾಗ ತೋಟದವರಿಗೆ ಹೇಳಿಯೇ ಹೊರಡಿ.